ಲೋಡ್ ಲಾರಿಯಲ್ಲಿ ಘಾಟಿ ಇಳಿಯುವವರಿಗೆ: ಶಿರಾಡಿ, ಚಾರ್ಮಾಡಿ ಕಡೆಯ ಮಾರ್ಗದರ್ಶಿ

ಬಯಲುಸೀಮೆಯಲ್ಲಿ ಲಾರಿ ಓಡಿಸಿ ಕೈ ಪಳಗಿದವರು ಮೊದಲ ಬಾರಿ ಮಂಗಳೂರಿನ ಬಾಡಿಗೆ ಹಿಡಿದಾಗ ಹಾಸನದಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ತಿರುವು ಎಷ್ಟಿವೆ?" ತಿರುವಿಗೆ ಅಂಜಬೇಕಾದದ್ದು ಸರಿಯೇ. ಆದರೆ ಈ ಕಡೆ ಘಾಟಿ ಇಳಿಯುವ ಲಾರಿಗೆ ತಿರುವಿಗಿಂತ ದೊಡ್ಡ ಶತ್ರು ಬ್ರೇಕ್ ಡ್ರಮ್ಮಿನೊಳಗಿನ ಬಿಸಿ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಶಿರಾಡಿ ಘಾಟಿ ಇಳಿದು ಅದರ ಬುಡದ ಗುಂಡ್ಯ ತಲುಪುವ ಹೊತ್ತಿಗೆ ಸುಮಾರು 800 ಮೀಟರ್ ಕೆಳಗಿಳಿದಿರುತ್ತೀರಿ. 18.5 ಟನ್ ತೂಗುವ ಆರು ಚಕ್ರದ ಲಾರಿ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ ನಾಲ್ಕು ಲೀಟರ್ ಡೀಸೆಲ್ ಸುಟ್ಟಷ್ಟಕ್ಕೆ ಸಮ. ಎರಡು ಬ್ಯಾರೆಲ್ ತಣ್ಣೀರನ್ನು ಕುದಿಸಲು ಸಾಕು. ಗಾಳಿಗೆ, ಟೈರಿನ ತಿಕ್ಕಾಟಕ್ಕೆ ಒಂದಷ್ಟು ಹೋದರೂ ಮಿಕ್ಕದ್ದನ್ನು ಯಾರಾದರೂ ಹೊರಲೇಬೇಕು. ಎಂಜಿನ್ ಹೊತ್ತರೆ ಅದು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ಬ್ರೇಕಿನ ಮೇಲೆ ಹೊರಿಸಿದರೆ ಡ್ರಮ್ಮನ್ನು ಒತ್ತಿ ಹಿಡಿಯುವ ಲೈನರ್ ಸುಡುತ್ತದೆ. ಕೆಳಗೆ ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಲೆಕ್ಕದಿಂದಲೇ ಹುಟ್ಟಿದ್ದು.

ಮೊದಲು ದಾರಿ ಗೊತ್ತುಮಾಡಿಕೊಳ್ಳಿ

ಹಾಸನದಿಂದ ಕರಾವಳಿಗೆ ಲೋಡ್ ಲಾರಿಗೆ ಇರುವ ಮುಖ್ಯ ದಾರಿ ಶಿರಾಡಿ. ಇದು ರಾಷ್ಟ್ರೀಯ ಹೆದ್ದಾರಿ 75. ಹಳೆಯ ಚಾಲಕರ ಬಾಯಲ್ಲಿ ಇನ್ನೂ 48. ಸಕಲೇಶಪುರ, ಆನೆಮಹಲ್, ದೋಣಿಗಲ್, ಮಾರನಹಳ್ಳಿ ದಾಟಿ ಗುಂಡ್ಯಕ್ಕೆ ಇಳಿದು ನೆಲ್ಯಾಡಿ, ಉಪ್ಪಿನಂಗಡಿ ಕಡೆ ಸಾಗುತ್ತದೆ. ಘಾಟಿಯ ಭಾಗಕ್ಕೆ 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ, ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ, ಕಾಂಕ್ರೀಟ್ ಹಾಕಿದರು. ಅದರಿಂದ ಹೊಂಡಗಳ ಕಾಟ ತಗ್ಗಿತು, ವೇಗದ ಕಾಟ ಹೆಚ್ಚಿತು. ಮೊದಲು ಹೊಂಡವೇ ಲಾರಿಯನ್ನು ನಿಧಾನ ಮಾಡಿಸುತ್ತಿತ್ತು. ಈಗ ಆ ಕೆಲಸ ಚಾಲಕನದು.

ಚಾರ್ಮಾಡಿ ಬೇರೆಯೇ ಜಾತಿಯ ರಸ್ತೆ. ಇದು ರಾಷ್ಟ್ರೀಯ ಹೆದ್ದಾರಿ 73. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಉಜಿರೆ ಕಡೆ ಇಳಿಯುವ ಈ ದಾರಿಯಲ್ಲಿ ಹೇರ್‌ಪಿನ್ ತಿರುವುಗಳು ಒಂದರ ಹಿಂದೊಂದು ಬರುತ್ತವೆ, ಅಗಲ ಕಡಿಮೆ, ಮಂಜು ಹೆಚ್ಚು. 2019ರ ಆಗಸ್ಟ್ ಮಳೆಗೆ ಇಲ್ಲಿ ಗುಡ್ಡ ಜರಿದು ರಸ್ತೆಯೇ ಕಿತ್ತುಹೋದ ಮೇಲೆ ಭಾರೀ ವಾಹನಗಳಿಗೆ ನಿರ್ಬಂಧ ಬಂತು. ರಾತ್ರಿ ಸಂಚಾರವನ್ನೂ ಕಾಲಕಾಲಕ್ಕೆ ತಡೆದಿದ್ದಾರೆ. ಆರು ಚಕ್ರಕ್ಕಿಂತ ದೊಡ್ಡ ಗಾಡಿಯವರು ಚಾರ್ಮಾಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ, ಆದೇಶ ಇರಲಿ ಬಿಡಲಿ. ಆರು ಚಕ್ರದವರೂ ಅಂದಿನ ಆದೇಶವನ್ನು ಮೂಡಿಗೆರೆಯಲ್ಲೇ ವಿಚಾರಿಸಿಕೊಂಡು ಮುಂದೆ ಹೋಗಿ. ಕೊಟ್ಟಿಗೆಹಾರದವರೆಗೆ ಬಂದು ವಾಪಸ್ಸು ತಿರುಗಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಅಲ್ಲಿನ ನೀರುದೋಸೆ ಚೆನ್ನಾಗಿರುತ್ತದೆ, ಆದರೆ ಅದಕ್ಕಾಗಿ ಅಷ್ಟು ಡೀಸೆಲ್ ಸುಡಬೇಕಾಗಿಲ್ಲ.

ಚಿಕ್ಕಮಗಳೂರು ಜಿಲ್ಲೆಯ ಮೇಲ್ಭಾಗದವರಿಗೆ ಶೃಂಗೇರಿ, ಕೆರೆಕಟ್ಟೆ ಮೂಲಕ ಕಾರ್ಕಳಕ್ಕೆ ಇಳಿಯುವ ಹೆದ್ದಾರಿ 169 ಇದೆ. ಕಳಸ, ಕುದುರೆಮುಖದ ಕಡೆಯಿಂದ ಬರುವ ರಸ್ತೆಯೂ ಎಸ್.ಕೆ. ಬಾರ್ಡರ್ ಎಂಬ ಜಾಗದಲ್ಲಿ ಇದನ್ನೇ ಸೇರುತ್ತದೆ. ಎರಡೂ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡನ್ನು ಹಾದುಹೋಗುತ್ತವೆ. ಕಾಡಿನ ನಡುವೆ ಗಾಡಿ ನಿಲ್ಲಿಸಿ ಅಡುಗೆ ಮಾಡುವುದು, ಮಲಗುವುದು ಇಲ್ಲಿ ನಡೆಯುವುದಿಲ್ಲ. ಊಟ, ವಿಶ್ರಾಂತಿ ಎಲ್ಲ ಕಾಡಿನ ಗೇಟಿನ ಈಚೆಯೇ ಮುಗಿಯಬೇಕು.

ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಇಳಿಯುವ ಬಿಸ್ಲೆ ಘಾಟಿ ನಕ್ಷೆಯಲ್ಲಿ ಹತ್ತಿರದ ದಾರಿಯಂತೆ ಕಾಣುತ್ತದೆ. ಲೋಡ್ ಲಾರಿಗೆ ಅದು ದಾರಿಯೇ ಅಲ್ಲ. ಮೊಬೈಲ್ ನಕ್ಷೆಗೆ ನಿಮ್ಮ ಗಾಡಿಯ ಉದ್ದ, ತೂಕ ಗೊತ್ತಿಲ್ಲ. ಕಾರಿಗೆ ಹೇಳಿದ್ದನ್ನೇ ಲಾರಿಗೂ ಹೇಳುತ್ತದೆ. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಕಡೆಗೂ ಇದೇ ಮಾತು. ಆ ಬೆಟ್ಟದ ತೋಟಗಳಿಂದ ಕಾಫಿ ಇಳಿಸುವುದು ಸ್ಥಳೀಯ ಸಣ್ಣ ಗಾಡಿಗಳ ಕೆಲಸ, ಅವರಿಗೇ ಬಿಡಿ.

ಶಿರಾಡಿ ಮುಚ್ಚಿದರೆ ಏನು ಮಾಡುವುದು ಎಂಬುದನ್ನು ಹಾಸನ ಬಿಡುವ ಮೊದಲೇ ಯೋಚಿಸಿಡಿ. ಮಡಿಕೇರಿ, ಸಂಪಾಜೆ ಮೂಲಕ ಹೋಗುವ ಹೆದ್ದಾರಿ 275 ಮೊದಲು ನೆನಪಿಗೆ ಬರುತ್ತದೆ. ಆದರೆ ಮಳೆಗಾಲದಲ್ಲಿ ಕೊಡಗು ಜಿಲ್ಲಾಡಳಿತವೂ ಭಾರೀ ಸರಕು ವಾಹನಗಳನ್ನು ತಡೆಯುವುದುಂಟು, ಅದೂ ನೋಂದಣಿ ಪುಸ್ತಕದಲ್ಲಿರುವ ಒಟ್ಟು ತೂಕ ನೋಡಿ. "ನನ್ನದು ಖಾಲಿ ಗಾಡಿ ಸಾರ್" ಎಂದರೆ ಅಲ್ಲಿ ಬಿಡುವುದಿಲ್ಲ. ಶಿವಮೊಗ್ಗ ಕಡೆಯಿಂದ ಹುಲಿಕಲ್ ಘಾಟಿ ಇಳಿದು ಕುಂದಾಪುರ ಸೇರುವುದು ಬಹಳ ಸುತ್ತು, ಅಲ್ಲಿಯೂ ಕಡಿದಾದ ಇಳಿಜಾರೇ. ಎಷ್ಟೋ ಸಲ ಹಾಸನದಲ್ಲೇ ಒಂದು ದಿನ ಕಾಯುವುದು ಇವೆಲ್ಲಕ್ಕಿಂತ ಅಗ್ಗ.

ಲೋಡ್ ಹಾಕುವ ಜಾಗದಲ್ಲೇ ಘಾಟಿ ಶುರು

2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿ ಹೆಚ್ಚಿಸಿತು. ಆರು ಚಕ್ರದ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5 ಟನ್ನಿಗೆ ಏರಿತು. ಆದರೆ ಹಳೆಯ ಗಾಡಿಯ ಬ್ರೇಕು ಹಳೆಯ ತೂಕಕ್ಕೆ ಮಾಡಿದ್ದು, ಕಾಗದ ಬದಲಾದ ಮಾತ್ರಕ್ಕೆ ಡ್ರಮ್ ದೊಡ್ಡದಾಗುವುದಿಲ್ಲ. ಅದರ ಮೇಲೂ ಎರಡು ಟನ್ ಹೆಚ್ಚು ಹೇರಿದರೆ ಆ ಎರಡು ಟನ್ನಿನ ಬಿಸಿಯನ್ನೂ ಅದೇ ಲೈನರ್ ತಡೆದುಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಹೆಚ್ಚು ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ, ಹೆಚ್ಚಿನ ಸರಕನ್ನು ಇಳಿಸಿ ಹೋಗಬೇಕಾದ ತಾಪತ್ರಯ ಬೇರೆ. ತೂಕದ ಚೀಟಿ ಕೈಯಲ್ಲಿಲ್ಲದೆ ಘಾಟಿಯ ಬಾಡಿಗೆ ಒಪ್ಪಿಕೊಳ್ಳಬೇಡಿ.

ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ ಇರಲಿ. ಇದು ಎಲ್ಲರಿಗೂ ಗೊತ್ತು, ಆದರೆ ಎರಡು ಕಡೆ ಇಳಿಸಬೇಕಾದ ಲೋಡಿನಲ್ಲಿ ಮೊದಲು ಇಳಿಸುವುದನ್ನು ಮೇಲಿಡುವ ಆತುರದಲ್ಲಿ ಎಲ್ಲರೂ ಮರೆಯುತ್ತಾರೆ. ಭತ್ತದ ಹುಲ್ಲು, ತೆಂಗಿನ ನಾರಿನಂತಹ ಎತ್ತರದ ಲೋಡು ತೂಕದಲ್ಲಿ ಕಡಿಮೆಯಿದ್ದರೂ ತಿರುವಿನಲ್ಲಿ ವಾಲುತ್ತದೆ. ಮಳೆಯಲ್ಲಿ ನೆನೆದರೆ ತೂಕವೂ ಮೇಲ್ಗಡೆಯೇ ಸೇರುತ್ತದೆ. ತೋಟದಿಂದ ಸಿಲ್ವರ್ ಓಕ್ ದಿಮ್ಮಿ ಹೇರಿಸಿಕೊಂಡವರು ಹಗ್ಗವನ್ನಷ್ಟೇ ನಂಬದೆ ಸರಪಳಿ ಹಾಕಿಸಿಕೊಳ್ಳಿ. ಹೊಸದಾಗಿ ಕಡಿದ ಮರದ ತೊಗಟೆ ದಾರಿಯಲ್ಲಿ ಸಡಿಲಾಗಿ ಹಗ್ಗ ಜಾರುತ್ತದೆ, ಹಾಗಾಗಿ ಘಾಟಿಗೆ ಮೊದಲು ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಟ್ಯಾಂಕರಿನವರಿಗೆ ತುಂಬಿದ ಟ್ಯಾಂಕಿಗಿಂತ ಅರ್ಧ ತುಂಬಿದ ಟ್ಯಾಂಕ್ ಅಪಾಯ. ಒಳಗಿನ ದ್ರವ ತಿರುವಿನಲ್ಲಿ ಒಂದು ಪಕ್ಕಕ್ಕೆ ನುಗ್ಗಿ, ನೀವು ಸ್ಟೇರಿಂಗ್ ಸರಿಪಡಿಸುವ ಹೊತ್ತಿಗೆ ಇನ್ನೊಂದು ಪಕ್ಕಕ್ಕೆ ಬಂದು ಬಡಿಯುತ್ತದೆ.

ಸಕಲೇಶಪುರದಲ್ಲಿ ಅರ್ಧ ಗಂಟೆ

ಘಾಟಿಯ ನೆತ್ತಿಯಲ್ಲಿ ನಿಲ್ಲದೆ ಹೋಗುವ ಚಾಲಕನನ್ನು ನಾನು ಎಷ್ಟೇ ಜಾಣನಾದರೂ ಒಳ್ಳೆಯ ಚಾಲಕ ಎನ್ನುವುದಿಲ್ಲ. ಸಕಲೇಶಪುರ ಪೇಟೆಯ ಇಕ್ಕಟ್ಟಿನಲ್ಲಿ ಬೇಡ. ರಸ್ತೆಯಿಂದ ಪೂರ್ತಿ ಒಳಗೆ ಸರಿದು, ನೆಲ ಸಮತಟ್ಟಾಗಿರುವ ಕಡೆ ನಿಲ್ಲಿಸಿ. ಚಾರ್ಮಾಡಿಯವರು ಇದೇ ಕೆಲಸವನ್ನು ಕೊಟ್ಟಿಗೆಹಾರದಲ್ಲಿ ಮಾಡಬೇಕು.

ಎಂಜಿನ್ ಓಡುತ್ತಿರುವಾಗಲೇ ಗಾಳಿಯ ಒತ್ತಡ ಪೂರ್ತಿ ಏರುವುದನ್ನು ನೋಡಿ. ಹೆಚ್ಚಿನ ಗಾಡಿಗಳಲ್ಲಿ ಅದು 8 ಬಾರ್ ಆಸುಪಾಸು, ಕೆಲವು ಹೊಸ ಗಾಡಿಗಳಲ್ಲಿ ಇನ್ನೂ ಹೆಚ್ಚು. ಚಕ್ರಗಳಿಗೆ ಅಡ್ಡ ಕೊಟ್ಟು, ಎಂಜಿನ್ ನಿಲ್ಲಿಸಿ, ಬ್ರೇಕ್ ಪೆಡಲನ್ನು ಒತ್ತಿ ಹಿಡಿದು ಒಂದು ನಿಮಿಷ ಮುಳ್ಳನ್ನು ಗಮನಿಸಿ. ಮೊದಲು ಸ್ವಲ್ಪ ಇಳಿದು ನಿಂತರೆ ಸರಿ. ಇಳಿಯುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ. ಕ್ಲೀನರ್ ಕೆಳಗೆ ಬಗ್ಗಿ ಕಿವಿಗೊಟ್ಟರೆ ಸದ್ದೇ ಜಾಗ ತೋರಿಸುತ್ತದೆ. ಸೋರಿಕೆ ಇಟ್ಟುಕೊಂಡು ಇಳಿಯಬೇಡಿ. ಸಕಲೇಶಪುರದಲ್ಲಿ ಗ್ಯಾರೇಜು ಸಿಗುತ್ತದೆ, ಘಾಟಿಯ ನಡುವೆ ಸಿಗುವುದಿಲ್ಲ.

ಗಾಳಿ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ನೀರು ಬಿಡಿ. ಮಲೆನಾಡಿನ ತೇವದ ಹವೆಯಲ್ಲಿ ಟ್ಯಾಂಕಿನಲ್ಲಿ ನೀರು ಬೇಗ ಸೇರುತ್ತದೆ. ನೀರು ತುಂಬಿದಷ್ಟೂ ಗಾಳಿಗೆ ಜಾಗ ಕಡಿಮೆ, ಬ್ರೇಕ್ ಹಿಡಿಯುವ ಸರದಿಗಳೂ ಕಡಿಮೆ. ಎಲ್ಲ ಚಕ್ರಗಳ ಬ್ರೇಕ್ ಒಂದೇ ಸಮ ಹಿಡಿಯದಿದ್ದರೆ ಚೆನ್ನಾಗಿ ಹಿಡಿಯುವ ಚಕ್ರವೇ ಇಡೀ ಗಾಡಿಯ ಭಾರ ಹೊತ್ತು ಮೊದಲು ಸುಡುತ್ತದೆ. ಹಾಗಾಗಿ ಡ್ರಮ್ಮಿನ ಪಕ್ಕಕ್ಕೆ ಕೈ ಒಡ್ಡಿ ಬಿಸಿಯನ್ನು ಹೋಲಿಸಿ ನೋಡಿ, ಮುಟ್ಟಬೇಡಿ. ಹಾಸನದಿಂದ ಬಂದ ದಾರಿಯಲ್ಲೇ ಒಂದು ಚಕ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅದು ಘಾಟಿಯಲ್ಲಿ ಹೊಗೆಯಾಡುವುದು ಖಚಿತ.

ಎಗ್ಸಾಸ್ಟ್ ಬ್ರೇಕ್ ಕೆಲಸ ಮಾಡುತ್ತಿದೆಯೇ ಎಂಬುದನ್ನು ಸಕಲೇಶಪುರಕ್ಕೆ ಬರುವ ಮೊದಲೇ ಸಣ್ಣ ಇಳಿಜಾರಿನಲ್ಲಿ ಪರೀಕ್ಷಿಸಿರಬೇಕು. ಇದು ಸೈಲೆನ್ಸರ್ ಪೈಪಿನ ದಾರಿಯನ್ನು ಮುಚ್ಚಿ, ಎಂಜಿನ್ನೇ ಗಾಡಿಯನ್ನು ಹಿಡಿದಿಡುವಂತೆ ಮಾಡುವ ಒಂದು ತಗಡಿನ ಬಾಗಿಲು, ಅಷ್ಟೇ. ಮಸಿ ಕಟ್ಟಿ ಸಿಕ್ಕಿಕೊಂಡಿರುವುದು, ತಂತಿ ಕಿತ್ತುಹೋಗಿರುವುದು ಸಾಮಾನ್ಯ. ಬಯಲಿನಲ್ಲಿ ಅದರ ಅಗತ್ಯ ಬೀಳದ ಕಾರಣ ಎಷ್ಟೋ ಗಾಡಿಗಳಲ್ಲಿ ಅದು ಕೆಟ್ಟಿರುವುದೇ ಮಾಲೀಕರಿಗೆ ಗೊತ್ತಿರುವುದಿಲ್ಲ. ಟೈರು, ದೀಪ, ವೈಪರ್, ಹಾರ್ನ್ ನೋಡಿ. ಚಕ್ರಕ್ಕೆ ಕೊಡಲು ಎರಡು ಮರದ ಅಡ್ಡಗಳು ಗಾಡಿಯಲ್ಲೇ ಇರಲಿ. ರಸ್ತೆ ಬದಿಯ ಕಲ್ಲು ಹುಡುಕಿ ಕೊಡುವುದು, ಹೊರಡುವಾಗ ಅದನ್ನು ರಸ್ತೆಯ ನಡುವೆ ಬಿಟ್ಟುಹೋಗುವುದು ನಮ್ಮವರ ಹಳೆಯ ಕೆಟ್ಟ ಚಾಳಿ. ಹಿಂದೆ ಬರುವ ಬೈಕಿನವನಿಗೆ ಆ ಕಲ್ಲು ಯಮ.

ಇಳಿಯುವ ಕ್ರಮ

ಗೇರ್ ಹಾಕುವುದು ಇಳಿಜಾರು ಶುರುವಾಗುವ ಮೊದಲು. ಇದೇ ಲೋಡಿನಲ್ಲಿ ಇದೇ ರಸ್ತೆಯನ್ನು ಹತ್ತಬೇಕಾದರೆ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯಲೂ ಅದೇ ಅಥವಾ ಅದಕ್ಕಿಂತ ಒಂದು ಕಡಿಮೆ, ಎಂದು ಹಿರಿಯ ಚಾಲಕರು ಹೇಳುವ ಮಾತು ಇವತ್ತಿಗೂ ನಿಜ. ಇಳಿಜಾರಿನ ನಡುವೆ ವೇಗ ಹೆಚ್ಚಾದ ಮೇಲೆ ಗೇರ್ ಇಳಿಸಲು ಹೋದರೆ ಹಳೆಯ ಗೇರ್ ಬಿಟ್ಟುಕೊಳ್ಳುತ್ತದೆ, ಹೊಸದು ಬೀಳುವುದಿಲ್ಲ. ಗಾಡಿ ನ್ಯೂಟ್ರಲ್‌ನಲ್ಲಿ ಉಳಿಯುತ್ತದೆ. ಘಾಟಿಯಲ್ಲಿ ಅದಕ್ಕಿಂತ ಕೆಟ್ಟ ಸ್ಥಿತಿ ಬೇರೆ ಇಲ್ಲ.

ಎಗ್ಸಾಸ್ಟ್ ಬ್ರೇಕನ್ನು ಮೊದಲ ಇಳಿಜಾರಿನಿಂದಲೇ ಬಳಸಿ. ಎಂಜಿನ್ ಹೆಚ್ಚು ಸುತ್ತುತ್ತಿದ್ದಾಗ ಅದರ ಹಿಡಿತ ಹೆಚ್ಚು. ಆದ್ದರಿಂದ ಕಡಿಮೆ ಗೇರಿನೊಂದಿಗೆ ಅದು ಚೆನ್ನಾಗಿ ಹಿಡಿಯುತ್ತದೆ, ಟಾಪ್ ಗೇರಿನಲ್ಲಿ ಹೆಸರಿಗಷ್ಟೇ. ಎಂಜಿನ್ ಜೋರಾಗಿ ಕೂಗಿದರೆ ಗಾಬರಿ ಬೇಡ, ಸುತ್ತಿನ ಮುಳ್ಳು ಕೆಂಪು ಗೆರೆ ದಾಟದಂತೆ ನೋಡಿಕೊಂಡರೆ ಸಾಕು. ಒಂದು ಎಚ್ಚರಿಕೆ: ಖಾಲಿ ಗಾಡಿ, ಒದ್ದೆ ರಸ್ತೆ, ಜೊತೆಗೆ ತಿರುವು ಸೇರಿದಾಗ ಎಗ್ಸಾಸ್ಟ್ ಬ್ರೇಕ್ ಹಿಂದಿನ ಚಕ್ರಗಳನ್ನು ಜಾರಿಸಬಹುದು. ಆಗ ತಿರುವಿಗೆ ಮೊದಲೇ ವೇಗ ತಗ್ಗಿಸಿ ಅದನ್ನು ಬಿಡಿ.

ಕಾಲಿನ ಬ್ರೇಕಿನ ವಿಷಯಕ್ಕೆ ಬರೋಣ. ಪೆಡಲಿನ ಮೇಲೆ ಕಾಲನ್ನು ಮೆತ್ತಗೆ ಇಟ್ಟುಕೊಂಡೇ ಪೂರ್ತಿ ಇಳಿಯುವವರಿದ್ದಾರೆ. ಮೆತ್ತಗಿದೆ ಎಂದು ಅವರಿಗೆ ಅನ್ನಿಸುತ್ತದೆ, ಲೈನರಿಗೆ ಮಾತ್ರ ಬಿಡುವೇ ಇರುವುದಿಲ್ಲ. ಡ್ರಮ್ ಬಿಸಿಯಾಗಿ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ಕುಗ್ಗುತ್ತದೆ. ಪೆಡಲ್ ಎಷ್ಟು ಒತ್ತಿದರೂ ಗಾಡಿ ಕೇಳದ ಸ್ಥಿತಿ ಬರುವುದು ಹೀಗೆ. ಇದಕ್ಕೆ ಬದಲಾಗಿ ನಿಮ್ಮ ವೇಗಕ್ಕೊಂದು ಮೇಲಿನ ಮಿತಿ ಇಟ್ಟುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಗಾಡಿ 30ಕ್ಕೆ ಬಂದಾಗ ಗಟ್ಟಿಯಾಗಿ ಒತ್ತಿ 20ಕ್ಕೆ ಇಳಿಸಿ, ಕಾಲನ್ನು ಪೂರ್ತಿ ತೆಗೆಯಿರಿ. ಎಂಜಿನ್ ಹಿಡಿದಿಟ್ಟಷ್ಟು ಹೊತ್ತು ಡ್ರಮ್ಮಿಗೆ ಗಾಳಿ ತಾಗಲಿ. ಮತ್ತೆ 30ಕ್ಕೆ ಬಂದಾಗ ಮತ್ತೆ ಅದೇ. ಪದೇ ಪದೇ ಬ್ರೇಕ್ ಹಿಡಿಯಬೇಕಾಗಿ ಬಂದರೆ ಗೇರ್ ಇನ್ನೂ ಒಂದು ಕಡಿಮೆ ಬೇಕಿತ್ತು ಎಂದು ಅರ್ಥ. ರಸ್ತೆ ಸ್ವಲ್ಪ ಚಪ್ಪಟೆಯಾದ ಕಡೆ ಗಾಡಿಯನ್ನು ಪೂರ್ತಿ ನಿಧಾನ ಮಾಡಿ ಬದಲಿಸಿ.

ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿಸುವ ಚಾಳಿಗೆ ಯಾವ ಲಾಭವೂ ಇಲ್ಲ. ಗೇರಿನಲ್ಲಿದ್ದು ಆಕ್ಸಿಲೇಟರ್ ಬಿಟ್ಟಾಗ ಎಂಜಿನ್ನಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ಸುತ್ತಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ತಾನೇ ಉಸಿರಾಡಲು ಡೀಸೆಲ್ ಕುಡಿಯುತ್ತದೆ. ಎಂಜಿನ್ನನ್ನೇ ಆರಿಸಿ ಇಳಿಸುವ ಮಹಾನುಭಾವರೂ ಇದ್ದಾರೆ. ಕಂಪ್ರೆಸರ್ ನಿಂತಿತು, ಗಾಳಿ ತುಂಬುವುದಿಲ್ಲ; ಪವರ್ ಸ್ಟೇರಿಂಗ್ ಕಲ್ಲಾಯಿತು. ಇಂಥವರ ಪಕ್ಕದಲ್ಲಿ ಕ್ಲೀನರ್ ಆಗಿ ಕುಳಿತವನು ಮುಂದಿನ ಊರಿನಲ್ಲಿ ಇಳಿದು ಬಸ್ಸು ಹತ್ತುವುದು ಒಳ್ಳೆಯದು.

ಕ್ಲೀನರಿಗೂ ಇಲ್ಲಿ ಕೆಲಸವಿದೆ. ಕಿಟಕಿಯ ಗಾಜು ಇಳಿಸಿ, ಎಡಗಡೆಯ ಅಂಚು ನೋಡುತ್ತಾ, ಮೂಗು ತೆರೆದಿಟ್ಟು ಕೂರಬೇಕು. "ಅಣ್ಣಾ, ಲೈನರ್ ವಾಸನೆ ಬರುತ್ತಿದೆ" ಎಂದು ಅವನು ಹೇಳಿದ ಕ್ಷಣ ನಿಲ್ಲುವ ಜಾಗ ಹುಡುಕಿ. ಹುಡುಗನ ಮಾತಿಗೆ ನಕ್ಕು ಮುಂದೆ ಹೋದವರ ಕಥೆಗಳು ಈ ರಸ್ತೆಯ ಹೋಟೆಲುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ನಿಂತ ಮೇಲೆ ಬಿಸಿ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಅಡ್ಡ ಕೊಟ್ಟು, ತಾನಾಗಿ ತಣಿಯಲು ಬಿಡಿ. ಅರ್ಧ ಗಂಟೆ ಸಾಲದಿದ್ದರೆ ಒಂದು ಗಂಟೆ.

ತಿರುವು ಮತ್ತು ಎದುರು ಬರುವವರು

ವೇಗ ತಗ್ಗಿಸುವುದು ತಿರುವಿಗೆ ಮೊದಲು. ತಿರುವಿನೊಳಗೆ ಬ್ರೇಕ್ ಬೇಡ. ಹೇರ್‌ಪಿನ್‌ನಲ್ಲಿ ಉದ್ದದ ಗಾಡಿಯ ಹಿಂದಿನ ಚಕ್ರ ಒಳಅಂಚನ್ನು ಕತ್ತರಿಸುತ್ತದೆ, ಬಾಲ ಹೊರಗೆ ಬೀಸುತ್ತದೆ. ಆದ್ದರಿಂದ ಎದುರಿನ ಗಾಡಿ ಕಂಡರೆ ತಿರುವಿನ ಈಚೆಯೇ ನಿಂತು ಅದನ್ನು ಬಿಡಿ. ಇಬ್ಬರೂ ಒಟ್ಟಿಗೆ ನುಗ್ಗಿದರೆ ಇಬ್ಬರೂ ಸಿಕ್ಕಿಕೊಳ್ಳುತ್ತಾರೆ, ಅವರ ಹಿಂದೆ ಒಂದು ಗಂಟೆಯಲ್ಲಿ ಊರೇ ನಿಲ್ಲುತ್ತದೆ. ಕಿರಿದಾದ ಇಳಿಜಾರಿನಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. 2017ರ ಚಾಲನಾ ನಿಯಮಗಳಲ್ಲೂ ಇದೇ ಇದೆ. ಕಾರಣ ಸರಳ: ಲೋಡಿನಲ್ಲಿ ಹತ್ತುತ್ತಿರುವವನು ಒಮ್ಮೆ ನಿಂತರೆ ಮತ್ತೆ ಹೊರಡುವಾಗ ಹಿಂದಕ್ಕೆ ಜಾರುತ್ತಾನೆ.

ಸರಕಾರಿ ಬಸ್ಸಿನವರು ಈ ದಾರಿಯನ್ನು ದಿನವೂ ಓಡಿಸುವವರು. ಅವರು ಹಿಂದೆ ಹಾರ್ನ್ ಮಾಡಿದರೆ ಜಾಗ ಸಿಕ್ಕ ಕಡೆ ಬಿಟ್ಟುಬಿಡಿ. ಅವರ ವೇಗ ನೋಡಿ ಅದೇ ವೇಗದಲ್ಲಿ ಹಿಂಬಾಲಿಸಬೇಡಿ. ಚಾರ್ಮಾಡಿಯಲ್ಲಿ ಮಳೆಗಾಲದ ಶನಿವಾರ, ಭಾನುವಾರ ಜಲಪಾತದ ಎದುರು ಕಾರು ನಿಲ್ಲಿಸಿ ರಸ್ತೆಯ ಮಧ್ಯದಲ್ಲೇ ಸೆಲ್ಫಿ ತೆಗೆಯುವವರಿರುತ್ತಾರೆ. ಬೈದು ಪ್ರಯೋಜನವಿಲ್ಲ, ಆ ಎರಡು ದಿನ ಆ ದಾರಿಗೇ ಹೋಗದಿರುವುದು ಮೇಲು.

ಮಳೆ, ಮಂಜು, ಧರೆ

ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ. ಡಿಮ್ಮಿನಲ್ಲೇ ಓಡಿಸಿ, ಬಿಳಿ ಅಂಚಿನ ಗೆರೆಯನ್ನು ಹಿಡಿದು ಹೋಗಿ. ಮುಂದಿನ ಗಾಡಿಯ ಕೆಂಪು ದೀಪವನ್ನೇ ನಂಬಿ ಹಿಂಬಾಲಿಸಬೇಡಿ, ಅವನು ತಪ್ಪಿದರೆ ನೀವೂ ತಪ್ಪುತ್ತೀರಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿಣುಕಿಸುವ ಅಭ್ಯಾಸ ಬಿಡಿ: ನೀವು ನಿಂತಿದ್ದೀರೋ ತಿರುಗುತ್ತಿದ್ದೀರೋ ಹಿಂದಿನವನಿಗೆ ತಿಳಿಯುವುದಿಲ್ಲ. ಏನೂ ಕಾಣದಷ್ಟು ಮಂಜು ಕವಿದರೆ ರಸ್ತೆಯಿಂದ ಪೂರ್ತಿ ಹೊರಗೆ ಸರಿದು ನಿಲ್ಲಿಸಿ, ನಿಂತ ಮೇಲೆ ನಾಲ್ಕನ್ನೂ ಹಾಕಿ.

ಮಣ್ಣಿನ ಅಂಚನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಂಬಬೇಡಿ. ಮೇಲೆ ಹುಲ್ಲು ಹಸಿರಾಗಿ ಗಟ್ಟಿಯಂತೆ ಕಾಣುತ್ತದೆ, ಎಡಗಡೆಯ ಚಕ್ರ ಇಳಿದರೆ ಕೆಸರು ಒಳಗೆ ಎಳೆದುಕೊಳ್ಳುತ್ತದೆ. ಕಣಿವೆಯ ಕಡೆಯ ಅಂಚಾದರೆ ಹೇಳುವುದೇ ಬೇಡ.

ಧರೆ ಎಂದರೆ ರಸ್ತೆ ಬದಿಯ ಕಡಿದಾದ ಮಣ್ಣಿನ ಗುಡ್ಡ. ಅದರ ಕುಸಿತದ ವಿಷಯದಲ್ಲಿ ಶಿರಾಡಿಯ ಹೆಸರು ಮತ್ತೆ ಮತ್ತೆ ಬರುತ್ತದೆ. 2018ರ ಆಗಸ್ಟ್‌ನಲ್ಲಿ, ಕಾಂಕ್ರೀಟ್ ಕೆಲಸ ಮುಗಿದು ಸಂಚಾರ ಶುರುವಾದ ಬೆನ್ನಿಗೇ, ಗುಡ್ಡ ಜರಿದು ರಸ್ತೆ ಮತ್ತೆ ಮುಚ್ಚಿತು. 2024ರ ಜುಲೈನಲ್ಲಿ ಸಕಲೇಶಪುರದಿಂದ ಆಚೆ ದೊಡ್ಡತಪ್ಪಲು ಬಳಿ ಮಣ್ಣು ತೆಗೆದಷ್ಟೂ ಕುಸಿಯುತ್ತಲೇ ಇತ್ತು. ರಸ್ತೆ ಅಗಲ ಮಾಡಲು ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದರೆ, ಮಳೆ ನೀರು ಕುಡಿದ ಮಲೆನಾಡಿನ ಮಣ್ಣು ಹಾಗೆ ನಿಲ್ಲುವುದಿಲ್ಲ. ಇದನ್ನು ಹೇಳಲು ಎಂಜಿನಿಯರೇ ಬೇಕಾಗಿಲ್ಲ, ತೋಟದ ಆಳಿಗೂ ಗೊತ್ತು.

ಚಾಲಕ ಗಮನಿಸಬೇಕಾದ ಗುರುತುಗಳಿವೆ. ತಿಳಿಯಾಗಿ ಇಳಿಯುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಸಣ್ಣ ಕಲ್ಲುಗಳು ಉದುರುತ್ತಿದ್ದರೆ, ಧರೆಯ ಮೇಲಿನ ಮರಗಳು ರಸ್ತೆಯ ಕಡೆ ಬಾಗಿ ನಿಂತಿದ್ದರೆ, ರಸ್ತೆಯಲ್ಲಿ ಹೊಸ ಉದ್ದ ಬಿರುಕು ಕಂಡರೆ ಅಲ್ಲಿ ನಿಲ್ಲಬೇಡಿ. ಮುಂದೆ ರಸ್ತೆ ಖಾಲಿಯಿದ್ದರೆ ದಾಟಿ ಹೋಗಿ, ಇಲ್ಲದಿದ್ದರೆ ಹಿಂದೆಯೇ ಉಳಿಯಿರಿ. ಮಳೆಯ ರಾತ್ರಿ ನಿದ್ದೆಗೆಂದು ಕಡಿದ ಧರೆಯ ಬುಡದಲ್ಲಿ ಗಾಡಿ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅಗಲ ಸಿಗುವುದು ಅಲ್ಲೇ ಎಂಬುದು ನಿಜ. ಆ ಅಗಲ ಬಂದದ್ದೇ ಗುಡ್ಡ ಕಡಿದು.

ರಸ್ತೆ ಕಟ್ಟಿಕೊಂಡಾಗ ಸಾಲಿನಲ್ಲೇ ನಿಲ್ಲಿ. ಎರಡನೇ ಸಾಲು ಮಾಡಿ ಮುಂದೆ ನುಗ್ಗಿದವರಿಂದಾಗಿ ಮಣ್ಣು ತೆಗೆಯುವ ಜೆಸಿಬಿಯೂ ಆಂಬುಲೆನ್ಸೂ ಹಿಂದೆಯೇ ಉಳಿಯುತ್ತವೆ. ಎರಡು ಗಂಟೆಯ ತಡೆ ಹತ್ತು ಗಂಟೆಯಾಗುವುದು ಹೀಗೆಯೇ. ಗಾಡಿಯಲ್ಲಿ ಕುಡಿಯುವ ನೀರು, ಅವಲಕ್ಕಿ, ಟಾರ್ಚು ಇರಲಿ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಹಲವು ಕಡೆ ಇರುವುದಿಲ್ಲ, ಮನೆಗೂ ಮಾಲೀಕರಿಗೂ ಮೇಲಿನಿಂದಲೇ ಹೇಳಿ ಹೊರಡಿ.

ಆನೆ

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಕಾಡಾನೆಗಳು ತೋಟದಿಂದ ತೋಟಕ್ಕೆ ದಾಟುವುದು ಹೆಚ್ಚಾಗಿ ಮುಸ್ಸಂಜೆ ಮತ್ತು ನಸುಕಿನಲ್ಲಿ. ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಹೈಬೀಮ್ ಬೇಡ. ಒಂದು ದಾಟಿತು ಎಂದು ಹೊರಡಬೇಡಿ, ಹಿಂದೆ ಮರಿ ಇರಬಹುದು. ಲಾರಿ ದೊಡ್ಡದು ಎಂಬ ಧೈರ್ಯ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಬ್ರೇಕ್ ಕೈಕೊಟ್ಟರೆ

ಎಲ್ಲ ಮಾಡಿಯೂ ಹೀಗಾಗಬಹುದು. ಎಂಜಿನ್ ಆರಿಸಬೇಡಿ, ಗೇರ್ ತೆಗೆಯಬೇಡಿ; ಈಗ ನಿಮ್ಮನ್ನು ಹಿಡಿದಿರುವುದು ಅದೊಂದೇ. ಎಗ್ಸಾಸ್ಟ್ ಬ್ರೇಕ್ ಹಾಕಿ, ದೀಪ ಹಾಕಿ, ಹಾರ್ನ್ ಬಿಡದೆ ಒತ್ತಿ. ಹ್ಯಾಂಡ್ ಬ್ರೇಕಿನ ಹಿಡಿಯನ್ನು ಒಮ್ಮೆಲೇ ಎಳೆಯದೆ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಅದು ಗಾಳಿ ಬಿಟ್ಟು ಸ್ಪ್ರಿಂಗಿನ ಬಲದಿಂದ ಹಿಡಿಯುವ ಬ್ರೇಕು. ಒಮ್ಮೆಲೇ ಎಳೆದರೆ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತದೆ. ಗಾಳಿ ಪೂರ್ತಿ ಸೋರಿಹೋದರೆ ಈ ಸ್ಪ್ರಿಂಗ್ ತಾನಾಗಿಯೇ ಹಿಡಿಯುತ್ತದೆ. ಆದರೆ ಡ್ರಮ್ ಸುಟ್ಟು ಹಿಡಿತ ಹೋಗಿದ್ದರೆ ಇದೂ ಅದೇ ಡ್ರಮ್ಮನ್ನೇ ಹಿಡಿಯಬೇಕು, ಆದ್ದರಿಂದ ಇದರ ಮೇಲೆ ಪೂರ್ತಿ ಭರವಸೆ ಇಡಬೇಡಿ.

ಆಗ ಉಳಿಯುವುದು ಗುಡ್ಡದ ಕಡೆ. ಜನ, ಗಾಡಿ ಇಲ್ಲದ ಜಾಗ ನೋಡಿ, ವೇಗ ಇನ್ನೂ ಕೈಯಲ್ಲಿರುವಾಗಲೇ, ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ, ಬಾಡಿಯ ಪಕ್ಕವನ್ನು ಧರೆಗೆ ಒರೆಸಿ ನಿಲ್ಲಿಸಿ. ಬಾಡಿ ಹರಿಯುತ್ತದೆ, ಕನ್ನಡಿ, ಬಾಗಿಲು ಹೋಗುತ್ತವೆ. ಹೋಗಲಿ. ಇನ್ನೊಂದು ತಿರುವು ದಾಟಿದರೆ ಸರಿಹೋದೀತು ಎಂದು ಕಾದವರಿಗೆ ಆ ತಿರುವು ಸಿಗುವುದು ಎರಡರಷ್ಟು ವೇಗದಲ್ಲಿ, ಎರಡರಷ್ಟು ವೇಗಕ್ಕೆ ನಾಲ್ಕರಷ್ಟು ಶಕ್ತಿ. ಚಾಲಕರಾಗಲಿ ಕ್ಲೀನರಾಗಲಿ ಓಡುವ ಗಾಡಿಯಿಂದ ಹಾರಬೇಡಿ. ಸೀಟ್ ಬೆಲ್ಟ್ ಹಾಕಿರುವ ಕ್ಯಾಬಿನ್ನೇ ಹೊರಗಿಗಿಂತ ವಾಸಿ.

ಕೆಟ್ಟು ನಿಂತಾಗ, ಅಪಘಾತ ಕಂಡಾಗ

ಚಕ್ರಕ್ಕೆ ಅಡ್ಡ, ನಂತರ ಪ್ರತಿಫಲಕ ತ್ರಿಕೋನ. ತ್ರಿಕೋನವನ್ನು ಗಾಡಿಯ ಬಾಲಕ್ಕೆ ಅಂಟಿಸಿದ ಹಾಗೆ ಇಡದೆ ತಿರುವಿನ ಆಚೆ, ಬರುವವನಿಗೆ ನಿಲ್ಲಲು ಸಮಯ ಸಿಗುವಷ್ಟು ದೂರದಲ್ಲಿ ಇಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತಿಗೆ 112, ಆಂಬುಲೆನ್ಸಿಗೆ 108. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ 2019ರ ತಿದ್ದುಪಡಿಯಲ್ಲಿ ಕಾನೂನಿನ ರಕ್ಷಣೆ ಇದೆ. "ಕೋರ್ಟು ಕಚೇರಿ ಯಾರಿಗೆ ಬೇಕು" ಎಂದು ದಾಟಿ ಹೋಗಲು ಈಗ ಆ ನೆಪ ಇಲ್ಲ.

ಉರುಳಿದ್ದು ಅನಿಲ ಟ್ಯಾಂಕರ್ ಆದರೆ ಮಾತ್ರ ಹತ್ತಿರ ಹೋಗಬೇಡಿ. 2013ರ ಏಪ್ರಿಲ್‌ನಲ್ಲಿ ಇದೇ ಹೆದ್ದಾರಿಯಲ್ಲಿ, ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಹೊತ್ತಿಕೊಂಡು ಸುತ್ತಲಿನ ಮನೆಗಳಲ್ಲಿದ್ದವರೂ ಸತ್ತರು. ಅಡುಗೆ ಅನಿಲ ಗಾಳಿಗಿಂತ ಭಾರ. ತಗ್ಗಿನ ಕಡೆ, ಚರಂಡಿಯಲ್ಲಿ ಹರಿದು ಸೇರಿಕೊಳ್ಳುತ್ತದೆ. ಎಂಜಿನ್ ಆರಿಸಿ, ಮತ್ತೆ ಸ್ಟಾರ್ಟ್ ಮಾಡಬೇಡಿ, ಬೀಡಿ ಹಚ್ಚಬೇಡಿ, ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಏರಿನ ಕಡೆ ನಡೆದು ದೂರ ಹೋಗಿ, ಅಲ್ಲಿಂದ ಫೋನ್ ಮಾಡಿ.

ಬಾಡಿಗೆ ಮಾತಾಡುವವರಿಗೆ

ಘಾಟಿಯ ಅಪಾಯದಲ್ಲಿ ದೊಡ್ಡ ಪಾಲು ಬೆಂಗಳೂರಿನ ಯಾವುದೋ ಗೋದಾಮಿನಲ್ಲಿ, ಮೊಬೈಲಿನಲ್ಲಿ ಹುಟ್ಟುತ್ತದೆ: "ಬೆಳಿಗ್ಗೆ ಆರಕ್ಕೆ ಬಂದರಿನಲ್ಲಿ ಇರಬೇಕು." ಆ ಮಾತಿಗೆ ಒಪ್ಪಿದರೆ ಲಾರಿ ಶಿರಾಡಿಗೆ ಬರುವುದು ರಾತ್ರಿ ಎರಡರಿಂದ ನಾಲ್ಕರ ನಡುವೆ, ಕಣ್ಣು ಎಳೆಯುವ ಹೊತ್ತಿನಲ್ಲಿ. 2025ರವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಿಂದಲೇ ದಿನಕ್ಕೆ ಎಂಟು ಗಂಟೆಯ ಕೆಲಸ, ಐದು ಗಂಟೆ ಮೀರದಂತೆ ನಡುವೆ ಅರ್ಧ ಗಂಟೆಯ ವಿಶ್ರಾಂತಿ ಎಂದು ಹೇಳುತ್ತಿತ್ತು. ಅದು ಎಷ್ಟು ಲಾರಿಗಳಲ್ಲಿ ನಡೆಯಿತು ಎಂಬುದು ಎಲ್ಲರಿಗೂ ಗೊತ್ತು. ಕಾಯ್ದೆ ತಾನಾಗಿ ಬಂದು ನಿಮ್ಮನ್ನು ಮಲಗಿಸುವುದಿಲ್ಲವಾದ್ದರಿಂದ ಬಾಡಿಗೆ ಮಾತಾಡುವಾಗಲೇ ಮೂರು ವಿಷಯ ಬರೆಸಿಕೊಳ್ಳಿ: ಘಾಟಿಯನ್ನು ಬೆಳಕಿನಲ್ಲಿ ಇಳಿಯುವಂತೆ ಹೊರಡುವ ಹೊತ್ತು, ಸಕಲೇಶಪುರದ ನಿಲುಗಡೆಗೆ ಮತ್ತು ದಾರಿಯಲ್ಲಿ ಬ್ರೇಕ್ ತಣಿಯಲು ಎರಡು ಗಂಟೆ ಹೆಚ್ಚುವರಿ, ರಸ್ತೆ ಮುಚ್ಚಿದರೆ ದಿನಕ್ಕೆ ಇಷ್ಟು ಎಂದು ಕಾಯುವ ಹಣ. ಮೂರನೆಯದನ್ನು ಮಾಲೀಕರು ಸುಲಭಕ್ಕೆ ಒಪ್ಪುವುದಿಲ್ಲ. ಜೂನ್ ಬರುವ ಮೊದಲೇ, ಗಾಡಿಗಳಿಗೆ ಬೇಡಿಕೆ ಇರುವಾಗಲೇ, ಈ ಮಾತು ತೆಗೆಯಿರಿ.